ಗಾಜಿನ ಪೆಟ್ಟಿಗೆಯೊಳಗಿನ ಕ್ಯಾಸೆಟ್

“ಆವತ್ತು ಮಧ್ಯಾಹ್ನ ಊಟಕ್ಕ ಏನಿತ್ರಿ?”

ಆನಂದಕುಮಾರ ತಿರುಗಿ ನೋಡಲಿಲ್ಲ. ಕನ್ನಡಿಯೊಳಗಿಂದಲೇ ಅಹಲ್ಯಾಳನ್ನು ದಿಟ್ಟಿಸಿದ. ಕೊರಳ ಸುತ್ತ ಬಿಳಿ ಟವೆಲ್ಲು, ಅರ್ಧ ಮುಖಕ್ಕೆ ಮಾತ್ರ ಬಣ್ಣ. ಮೇಕಪ್ ಮಾಡುವ ಹೆಂಗಸು ಸ್ಪಂಜು ಹಿಡಿದುಕೊಂಡು ಇನ್ನೊಂದು ಕೆನ್ನೆಗಾಗಿ ಕಾಯುತ್ತಿದ್ದಳು.

“ಯಾವತ್ತು?”

“ಎರಡು ಸಾವಿರದ ಎಂಟು, ಫೆಬ್ರವರಿ ಹದಿನೇಳು. ಭಾನುವಾರ. ನಾಚಾರಂ ಮೈದಾನದಾಗ.”

ಅವನು ಗಟ್ಟಿಯಾಗಿ ನಕ್ಕ. ಟೀವಿಯಲ್ಲಿ ಕೇಳುವ ಅದೇ ನಗು. ಈ ಚಿಕ್ಕ ಕೋಣೆಯಲ್ಲಿ ಅದು ಗೋಡೆಗೆ ಬಡಿದು ವಾಪಸು ಬಂದಂತಾಯಿತು. “ಹದಿನೇಳು ವರ್ಷದ ಹಿಂದಿನ ಕೇಸ್ ಹೊತ್ಕೊಂಡು ತಾರ್ನಾಕದಿಂದ ಬಂದೀರಿ, ಕೇಳೂದು ಊಟದ ಮಾತು! ಅಕ್ಕಾರ, ನೀವು ಮದುವಿ ಗಂಡಿನ ವಿಚಾರಣಿ ಮಾಡೋರಂತಲ್ಲ. ನನಗೇನಾರ ಹೆಣ್ಣು ನೋಡಿರೇನು?”

“ನಿಮಗ ಮದುವಿ ಆಗೇತಲ್ರಿ. ಎರಡು ಸಲ.”

ಸ್ಪಂಜು ಹಿಡಿದ ಹೆಂಗಸಿಗೆ ಕನ್ನಡ ಎಷ್ಟು ತಿಳಿಯಿತೋ, ತುಟಿ ಕಚ್ಚಿಕೊಂಡು ಅತ್ತ ತಿರುಗಿದಳು.

ಅವನು ಹೇಳಿದ್ದು ನಿಜ. ಬೀದರ, ಕಲಬುರಗಿ, ರಾಯಚೂರಿನ ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿದ ಮನೆಗಳಿಗೆ ಅಹಲ್ಯಾ ಗಂಡಿನ ಗುಣ, ಚಟ, ನೌಕರಿ ವಿಚಾರಿಸಿಕೊಡುತ್ತಾಳೆ. ಇಪ್ಪತ್ತು ವರ್ಷದಿಂದ ಅದೇ ಕೆಲಸ. ಕ್ರಿಕೆಟ್ಟಿನ ಗಂಧವೂ ಗೊತ್ತಿರಲಿಲ್ಲ. ಮೂರು ವಾರದ ಹಿಂದೆ ಲಿಂಗಂಪಲ್ಲಿಯ ಭಾಗ್ಯಶ್ರೀ ಬಂದು, ಆಟ ಮಾರಿಕೊಂಡನೆಂದು ಆಜೀವ ನಿಷೇಧಕ್ಕೊಳಗಾದ ತನ್ನ ಗಂಡ ಪರಮೇಶನ ಹೆಸರನ್ನು ತೊಳೆದುಕೊಡಿ ಎಂದು ಕೈ ಹಿಡಿದುಕೊಂಡಾಗಿನಿಂದ ಮಾತ್ರ ನೋಬಾಲ್ ಎಂದರೇನು ಎಂದು ಕಲಿಯುತ್ತಿದ್ದಾಳೆ. ಸೋಮವಾರ ಲೀಗಿನ ಸಮಿತಿ ಆ ಕಡತವನ್ನು ಕೊನೆಯ ಸಲ ತೆರೆಯುತ್ತದೆ. ಇವತ್ತು ಶುಕ್ರವಾರ.

“ಬಿರಿಯಾನಿ,” ಎಂದ ಆನಂದಕುಮಾರ. “ಲೀಗ್ ಮ್ಯಾಚಿನ್ಯಾಗ ಊಟ ಹೋಮ್ ಟೀಮಿಂದು. ಅಂಪೈರ್, ಸ್ಕೋರರ್, ರಿಪೋರ್ಟರ್, ಎಲ್ಲಾರಿಗೂ ಬಿರಿಯಾನಿ. ಬರ್ಕೋರಿ.”

ಅಹಲ್ಯಾ ಬರೆದುಕೊಂಡಳು. ಬರೆದದ್ದನ್ನು ಒಮ್ಮೆ ಓದಿಕೊಂಡಳು.

“ಆವತ್ತು ಬಿರಿಯಾನಿ ಬರಲೇ ಇಲ್ರಿ. ಊಟದ ಗಾಡಿ ಕೆಟ್ಟು ಹಬ್ಸಿಗೂಡದಾಗ ನಿಂತಿತ್ತು. ಎರಡೂ ಟೀಮಿನೋರು ಬಾಳೆಹಣ್ಣು, ಮಿರ್ಚಿ ಭಜ್ಜಿ ತಿಂದು ಆಡ್ಯಾರ. ಇವತ್ತಿಗೂ ಆ ಮಂದಿ ಅದಕ್ಕ ಭಜ್ಜಿ ಮ್ಯಾಚ್ ಅಂತಾರ.”

ಕನ್ನಡಿಯಲ್ಲಿದ್ದ ಕಣ್ಣು ರೆಪ್ಪೆ ಬಡಿಯಲಿಲ್ಲ.

ಸಂಬಳ, ವಯಸ್ಸು, ಹಳೆಯ ಸಂಬಂಧ ಇಂಥವುಗಳ ಬಗ್ಗೆ ಜನ ಮೊದಲೇ ಸುಳ್ಳನ್ನು ಕಂಠಪಾಠ ಮಾಡಿಕೊಂಡಿರುತ್ತಾರೆ. ಊಟದ ಬಗ್ಗೆ ಯಾರೂ ಮಾಡಿಕೊಂಡಿರುವುದಿಲ್ಲ. ಇದು ಅಹಲ್ಯಾ ಗಂಡುಗಳನ್ನು ವಿಚಾರಿಸುತ್ತ ಕಲಿತದ್ದು. ಆದರೂ ಅವಳಿಗೆ ಅಳುಕು. ಹದಿನೇಳು ವರ್ಷದ ಹಿಂದಿನ ಊಟವನ್ನು ಯಾರು ಬೇಕಾದರೂ ಮರೆಯಬಹುದು. ಇದೊಂದನ್ನೇ ನೆಚ್ಚಿಕೊಂಡು ಸಮಿತಿಯ ಮುಂದೆ ನಿಂತರೆ ನಗೆಪಾಟಲು.

“ಟೈಮ್ ಇಲ್ಲ ನನಗ,” ಎಂದ ಅವನು. “ಹನ್ನೊಂದೂವರೆಗೆ ರೆಕಾರ್ಡಿಂಗ್.”

ಆನಂದಕುಮಾರನಿಗೆ ಟೈಮ್ ಇಲ್ಲದಿರುವುದು ಊರಿಗೇ ಗೊತ್ತು. ಆಗ ಅವನು ಲೀಗ್ ಪಂದ್ಯಗಳ ಸ್ಕೋರನ್ನು ನಾಲ್ಕು ಸಾಲಿನಲ್ಲಿ ಬರೆಯುತ್ತಿದ್ದ ತೆಲುಗು ಪತ್ರಿಕೆಯೊಂದರ ಅರೆಕಾಲಿಕ ವರದಿಗಾರ. ಪರಮೇಶ ಒಂದೇ ಓವರಿನಲ್ಲಿ ಏಳು ನೋಬಾಲ್ ಹಾಕಿ ಗೆಲ್ಲುವ ಪಂದ್ಯವನ್ನು ಕೈಬಿಟ್ಟ ಸುದ್ದಿ ಅವನನ್ನು ಮೊದಲ ಪುಟಕ್ಕೆ ತಂದಿತು. ಆಮೇಲೆ ಅಂಕಣ ಸಿಕ್ಕಿತು. ಒಬ್ಬ ಅಂಪೈರನ್ನು ಕುರುಡ ಎಂದು ಬರೆದು ಕೋರ್ಟು ಹತ್ತಿದ. ತಾಯಿ ತೀರಿಕೊಂಡ ವಾರ ಸೊನ್ನೆಗೆ ಔಟಾದ ಆಟಗಾರನನ್ನು ಗೇಲಿ ಮಾಡಿ ಕಚೇರಿಯ ಗಾಜು ಒಡೆಸಿದ. ಪತ್ರಿಕೆಯವರು ಮನೆಗೆ ಕಳಿಸಿದರು, ಚಾನೆಲ್ಲಿನವರು ಮರುವಾರವೇ ಕರೆದು ಕೂರಿಸಿದರು.

ಈಗ ದಿನಾ ರಾತ್ರಿ ಎಂಟಕ್ಕೆ ‘ಕಳ್ಳಾರಾ ಚೂಶಾ’. ತೆಲುಗಿನಲ್ಲಿ ಕಣ್ಣಾರೆ ಕಂಡೆ ಎಂದರ್ಥ. ಮೇಜಿನ ಮೇಲೊಂದು ಹಿತ್ತಾಳೆ ಗಂಟೆ. ಅತಿಥಿ ಸುಳ್ಳು ಹೇಳಿದ ಎಂದು ಅನಿಸಿದೊಡನೆ ಬಾರಿಸುತ್ತಾನೆ. ಮಿಯಾಪುರದ ಅಪಾರ್ಟ್‌ಮೆಂಟುಗಳಲ್ಲಿ ಆ ಹೊತ್ತಿಗೆ ಎಲ್ಲ ಮನೆಯಿಂದಲೂ ಒಂದೇ ಗಂಟೆ ಕೇಳಿಸುತ್ತದೆ. ಬೈಯುವವರು ಒಂದು ದಿನವೂ ತಪ್ಪಿಸುವುದಿಲ್ಲ. ಅಹಲ್ಯಾಳ ಸೋದರತ್ತೆ ಗಿರಿಜಾಬಾಯಿಯಂತೂ ‘ಹೆಸರಿನ್ಯಾಗೇ ಕಳ್ಳ ಕುಂತಾನ ನೋಡು’ ಎಂದು ಶಾಪ ಹಾಕುತ್ತಲೇ ವಾಲ್ಯೂಮ್ ಏರಿಸುತ್ತಾಳೆ.

ಅಹಲ್ಯಾ ಚೀಲದಿಂದ ಎರಡು ಹಾಳೆ ತೆಗೆದು ಕನ್ನಡಿಯ ಮುಂದೆ, ಪೌಡರ್ ಡಬ್ಬಿಗಳ ನಡುವೆ ಇಟ್ಟಳು.

“ಇದು ನಿಮ್ಮ ವರದಿ. ನಲವತ್ತಾರನೇ ಓವರು. ‘ಏಳನೇ ನೋಬಾಲಿಗೆ ವಿಕೆಟ್ ಕೀಪರ್ ಮಹೇಶಕುಮಾರ ಗ್ಲೋವ್ಸ್ ಕಳಚಿ ತಲೆ ಅಲ್ಲಾಡಿಸಿದ್ದನ್ನು ಈ ವರದಿಗಾರ ಕಣ್ಣಾರೆ ಕಂಡ.’ ನೀವು ಬರದಿದ್ದು ಹೌದಲ್ರಿ?”

“ಹೌದು. ಆ ಸಾಲು ಮಂದಿ ಬಾಯಿಪಾಠ ಮಾಡ್ಯಾರ.”

“ಇದು ಎದುರು ಟೀಮಿನ ಸ್ಕೋರರ್ ಸಾಬಣ್ಣನವರ ಪುಸ್ತಕದ ಹಾಳಿ. ಅಂಚಿನ್ಯಾಗ ನೋಡ್ರಿ.”

ಲೀಗ್ ಪಂದ್ಯಕ್ಕೆ ಇಬ್ಬರು ಸ್ಕೋರರುಗಳು. ಪಕ್ಕಪಕ್ಕ ಕುಳಿತು ಪ್ರತಿ ಓವರಿಗೂ ರನ್ ತಾಳೆ ನೋಡಿಕೊಳ್ಳುತ್ತಾರೆ, ಹೀಗಾಗಿ ಎರಡೂ ಪುಸ್ತಕದಲ್ಲಿ ರನ್ ಒಂದೇ. ಸಮಿತಿಯ ಕಪಾಟಿನಲ್ಲಿದ್ದದ್ದು ಒಂದು ಪುಸ್ತಕ ಮಾತ್ರ. ಇನ್ನೊಂದು ಸಾಬಣ್ಣನ ಮನೆಯ ಅಟ್ಟದ ಮೇಲಿತ್ತು. ಸಾಬಣ್ಣನಿಗೊಂದು ಅಭ್ಯಾಸ. ಆಟ ಯಾವ ಕಾರಣಕ್ಕೆ ನಿಂತರೂ, ನಾಯಿ ಒಳಗೆ ಬಂದರೂ, ಅಂಚಿನಲ್ಲಿ ಸಮಯ ಹಾಕಿ ಕನ್ನಡದಲ್ಲಿ ಬರೆದಿಡುವುದು.

ಆನಂದಕುಮಾರ ಬಗ್ಗಿ ಓದಿದ. ಪೆನ್ಸಿಲಿನ ಅಕ್ಷರ ಮಾಸಿತ್ತು. ‘ಓವರ್ 31. ಕೀಪರ್ ಬೆರಳು ಮುರಿಯಿತು. ಆಟೋದಲ್ಲಿ ಆಸ್ಪತ್ರೆಗೆ. 2.40.’

“ಮಹೇಶಕುಮಾರ ನಲವತ್ತಾರನೇ ಓವರಿಗೆ ಮೈದಾನದಾಗ ಇರಲೇ ಇಲ್ರಿ. ಕೀಪಿಂಗ್ ಮಾಡಿದಾಂವ ಬ್ಯಾರೆ. ಬದಲಿ ಆಟಗಾರಗ ಆಗ ಗ್ಲೋವ್ಸ್ ಕೊಡೂದಿರಲಿಲ್ಲಂತ, ಫೀಲ್ಡಿಂಗ್ ಮಾಡೋರ ಪೈಕಿ ಒಬ್ಬಾಂವ ಹಾಕ್ಕೊಂಡ. ಪುಸ್ತಕದಾಗ ಅವನ ಹೆಸರು ಬರೂದಿಲ್ಲ. ಕಣ್ಣಾರೆ ಕಂಡೋರಿಗಷ್ಟ ಗೊತ್ತಿರತೈತಿ.”

“ಸಾಬಣ್ಣ ನಿನ್ನೆ ಕುಂತು ಬರದಿದ್ರ?”

“ಹಂಗಂತ ನನಗೂ ಅನಿಸಿತ್ತು. ಅದಕ್ಕ ಮಿಯಾಪುರಕ್ಕ ಹೋಗಿ ಮಹೇಶಕುಮಾರನ್ನ ನೋಡಿ ಬಂದೆ. ಬೆರಳು ಇನ್ನೂ ಸೊಟ್ಟೈತಿ. ಆಸ್ಪತ್ರಿ ಚೀಟಿ ಇಟ್ಟಾನ. ಮೂರೂಕಾಲಿಗೆ ಎಕ್ಸ್‌ರೇ. ಮರುದಿನಾನ ಲಿಂಗಸುಗೂರಿಗೆ ಹೋಗಿ ಎರಡು ತಿಂಗಳು ಅಲ್ಲೇ ಇದ್ದ. ತೆಲುಗು ಮಾತಾಡ್ತಾನ, ಓದಲಿಕ್ಕ ಬರೂದಿಲ್ಲ. ತನ್ನ ಹೆಸರು ನಿಮ್ಮ ವರದಿಯಾಗ ಬಂದಿದ್ದು ಮೊನ್ನೆ ನಾನು ಓದಿ ಹೇಳಿದಾಗ್ಲೇ ಅವಗ ಗೊತ್ತಾಗಿದ್ದು.”

ಆನಂದಕುಮಾರ ಟವೆಲ್ಲನ್ನು ಕೊರಳಿನಿಂದ ಎಳೆದ. ಮೇಕಪ್ಪಿನ ಹೆಂಗಸಿಗೆ ತೆಲುಗಿನಲ್ಲಿ ಐದು ನಿಮಿಷ ಹೊರಗಿರಲು ಹೇಳಿದ. ಬಾಗಿಲು ಮುಚ್ಚಿದ ಮೇಲೆ ಕುರ್ಚಿ ಅವಳ ಕಡೆ ತಿರುಗಿತು. ಅರ್ಧ ಮುಖ ಹೊಳೆಯುತ್ತಿತ್ತು, ಅರ್ಧ ಬಾಡಿತ್ತು.

“ನಾ ಮೈದಾನಕ್ಕ ಹೋಗಿರಲಿಲ್ಲ,” ಎಂದ. “ಭಾನುವಾರ ಆರು ಮ್ಯಾಚ್ ಇರ್ತಿದ್ವು. ರಿಪೋರ್ಟರ್ ಒಬ್ಬನ. ಎಲ್ಲಾ ಪೇಪರಿನೋರೂ ಡೆಸ್ಕಿನ್ಯಾಗ ಕುಂತು ಫೋನಿನ್ಯಾಗ ಸ್ಕೋರ್ ತಗೋತಿದ್ವಿ. ಆವತ್ತು ಸಂಜಿ ಆರೂಕಾಲಿಗೆ ಒಂದು ಫೋನ್ ಬಂತು. ಅಷ್ಟ ಆಗಿದ್ದು.”

“ಯಾರದ್ರಿ ಆ ಫೋನು?”

“ಅದನ್ನ ಹೇಳೂದಿಲ್ಲ.”

“ಸೋಮವಾರ—”

“ಅಕ್ಕಾರ, ನನ್ನ ಬಗ್ಗೆ ಮಂದಿ ಏನೇನೋ ಅಂತಾರ. ಅರ್ಧ ಖರೇನ ಐತಿ. ಆದ್ರ ಸುದ್ದಿ ಕೊಟ್ಟಾಂವನ ಹೆಸರು ಇವತ್ತಿನ ತನಕ ಯಾರ ಮುಂದೂ ಬಿಟ್ಟಿಲ್ಲ. ಕೋರ್ಟಿನ್ಯಾಗೂ ಬಿಟ್ಟಿಲ್ಲ. ಅದೊಂದಾರ ಇರಲಿ ಬಿಡ್ರಿ ನನಗ.”

ಅವನ ದನಿಯಲ್ಲಿ ಟೀವಿ ಇರಲಿಲ್ಲ. ಬಂದ ದಾರಿಗೆ ಸುಂಕವಿಲ್ಲದೆ ಹೋಗಬೇಕೇನೋ ಎಂದು ಅಹಲ್ಯಾ ಹಾಳೆಗಳನ್ನು ಎತ್ತಿಕೊಂಡಳು. ಎತ್ತಿಕೊಳ್ಳುವಾಗ ಅದೇ ಸಾಲು ಮತ್ತೆ ಕಣ್ಣಿಗೆ ಬಿತ್ತು. ಹನ್ನೊಂದು ಜನ ಮೈದಾನದಲ್ಲಿರುವಾಗ ಇವನು ಕೀಪರನ ತಲೆಯನ್ನೇ ಯಾಕೆ ಅಲ್ಲಾಡಿಸಿದ?

“ಹೆಸರು ಹೇಳಬ್ಯಾಡ್ರಿ,” ಎಂದಳು. “ನಾ ಒಂದು ಮಾತು ಕೇಳ್ತೀನಿ. ಫೋನ್ ಮಾಡಿದಾಂವ ತಾನು ಕೀಪರ್ ಮಹೇಶಕುಮಾರ ಅಂತ ಹೇಳಿದ್ನಲ್ರಿ?”

ಅವನು ಅವಳ ಕೈಯಲ್ಲಿದ್ದ ಸಾಬಣ್ಣನ ಹಾಳೆಯನ್ನು ಮತ್ತೆ ನೋಡಿದ. ನಲವತ್ತಾರನೇ ಓವರಿನ ಹೊತ್ತಿಗೆ ಆಸ್ಪತ್ರೆಯಲ್ಲಿದ್ದವನು ಆ ನೋಬಾಲ್‌ಗಳನ್ನು ಕಂಡು ತನಗೆ ಸುದ್ದಿ ಕೊಡುವುದು ಹೇಗೆ ಎಂಬ ಲೆಕ್ಕ ಅವನ ಮುಖದ ಮೇಲೆಯೇ ನಡೆಯುತ್ತಿತ್ತು.

“ಅರೇ...” ಎಂದ ನಿಧಾನವಾಗಿ. “ನನಗ ಸುಳ್ಳು ಹೇಳ್ಯಾನ?”

ದಿನಾ ರಾತ್ರಿ ಇನ್ನೊಬ್ಬರ ಸುಳ್ಳಿಗೆ ಗಂಟೆ ಹೊಡೆಯುವವನು ತನ್ನ ಬದುಕನ್ನೇ ಕಟ್ಟಿಕೊಟ್ಟ ಸುಳ್ಳನ್ನು ಹದಿನೇಳು ವರ್ಷ ಕಾವಲು ಕಾದಿದ್ದ. ಅವನಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದಳು ಅಹಲ್ಯಾ. ಬಂದದ್ದು ಕುತೂಹಲ. ಅವನ ಕಣ್ಣುಗಳು ಹಸಿದ ಹುಡುಗನ ಕಣ್ಣುಗಳಂತೆ ಹೊಳೆದವು.

“ಪರಮೇಶನ ಜತಿ ಒಮ್ಮೆನಾರ ಮಾತಾಡಿದ್ರೇನು?” ಎಂದು ಕೇಳಿದಳು.

“ಯಾಕ ಮಾತಾಡ್ಲಿ? ಸಮಿತಿ ಮುಂದೂ ಅಂವ ಬಾಯಿ ಬಿಡಲಿಲ್ಲಂತ. ಇವತ್ತಿನ ತನಕ ಅವನ ಮಾರಿ ನೋಡಿಲ್ಲ, ದನಿ ಕೇಳಿಲ್ಲ.” ಥಟ್ಟನೆ ಎದ್ದು ನಿಂತ. “ಬರ್ರಿ ನನ್ನ ಜತಿ.”

ಸೆಟ್ಟಿನಲ್ಲಿ ದೀಪಗಳನ್ನು ಹೊಂದಿಸುತ್ತಿದ್ದರು. ಆನಂದಕುಮಾರನ ಕುರ್ಚಿಯ ಹಿಂದೆ ಗಾಜಿನ ಪೆಟ್ಟಿಗೆಯೊಂದಿತ್ತು. ಅದರೊಳಗೆ ಒಂದು ಹಳೆಯ ಟೇಪ್ ರೆಕಾರ್ಡರ್, ಪಕ್ಕದಲ್ಲಿ ಕ್ಯಾಸೆಟ್. ಅಹಲ್ಯಾ ಅದನ್ನು ಟೀವಿಯಲ್ಲಿ ನೂರು ಸಲ ನೋಡಿದ್ದಳು. ಅಲಂಕಾರಕ್ಕಿಟ್ಟದ್ದು ಎಂದುಕೊಂಡಿದ್ದಳು. ಎಲ್ಲರೂ ಹಾಗೆಯೇ ಅಂದುಕೊಂಡಿದ್ದರು.

“ಫೋನಿನ್ಯಾಗ ಸ್ಕೋರ್ ಭಾಳ ಗಡಿಬಿಡಿಲೆ ಹೇಳ್ತಿದ್ರು. ಕೈ ಓಡ್ತಿರಲಿಲ್ಲ. ಅದಕ್ಕ ಡೆಸ್ಕಿನ ಫೋನಿಗೆ ಈ ಮಷೀನ್ ಕಟ್ಟಿದ್ವಿ,” ಎನ್ನುತ್ತ ಗಾಜು ಸರಿಸಿದ. “ಮಷೀನ್ ಸತ್ತೈತಿ. ಕ್ಯಾಸೆಟ್ ಅದೇ. ಬರ್ಕೊಂಡ ಮ್ಯಾಲೆ ಒಮ್ಮಿನೂ ಹಾಕಿ ಕೇಳಿಲ್ಲ. ನನ್ನ ಮೊದಲನೇ ಸುದ್ದಿ ಅಂತ ಇಟ್ಕೊಂಡಿದ್ದೆ.”

ಕ್ಯಾಸೆಟ್ಟನ್ನು ಅವಳ ಅಂಗೈಗೆ ಹಾಕಿದ. ಬಿಡುವ ಮೊದಲು ಒಂದು ಕ್ಷಣ ಹಿಡಿದುಕೊಂಡ.

“ಒಂದು ಶರ್ತ. ಅಂವ ಯಾರಂತ ಸಿಕ್ರ ನನಗ ಮೊದಲು ಹೇಳಬೇಕು. ಈ ಕುರ್ಚಿ ಮ್ಯಾಲೆ ಕುಂತು ನಾನ ಹೇಳ್ತೀನಿ, ನಾ ಕಂಡಿರಲಿಲ್ಲ ಅಂತ.”

“ನಿಮ್ಮ ನೌಕರಿ ಹೋಗತೈತಲ್ರಿ.”

“ನೌಕರಿ? ಆ ರಾತ್ರಿ ಇಡೀ ಊರು ನನ್ನನ್ನ ನೋಡತೈತಿ, ಅಕ್ಕಾರ!”

ಜುಬಿಲಿ ಹಿಲ್ಸ್ ಚೆಕ್‌ಪೋಸ್ಟಿನಲ್ಲಿ ಮೆಟ್ರೋ ಹತ್ತಿ ಕುಳಿತ ಮೇಲೆ ಅಹಲ್ಯಾ ಚೀಲವನ್ನು ಎದೆಗವಚಿಕೊಂಡಳು. ಅಮೀರ್‌ಪೇಟೆಯ ನೂಕುನುಗ್ಗಲಿನಲ್ಲಿ ಎರಡು ಸಲ ಕೈ ಹಾಕಿ ಕ್ಯಾಸೆಟ್ ಇದೆಯೇ ಎಂದು ಮುಟ್ಟಿ ನೋಡಿದಳು. ಆಮೇಲೆ ನೋಟ್‌ಬುಕ್ ತೆಗೆದು, ಪರಮೇಶನ ಹೆಸರಿದ್ದ ಪುಟ ತಿರುವಿದಳು.

ಶಾಲಾ ವ್ಯಾನ್ ಓಡಿಸುವ ಆ ಎತ್ತರದ ಮನುಷ್ಯ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದ. ಪ್ರತಿ ಸಲವೂ “ಒಂದ್ ಮಾತ್ ಹೇಳ್ತೀನಿ, ಬರ್ಕೋರಿ” ಎಂದೇ ಶುರು ಮಾಡುತ್ತಿದ್ದ, ಮಾಸ್ತರರು ಉಕ್ತಲೇಖನ ಹೇಳಿಕೊಟ್ಟ ಹಾಗೆ. ಬರೆದುಕೊಂಡು ಕೊನೆಯಲ್ಲಿ ಅವಳು ಒಂದು ಸಾಲನ್ನು ಕೆಂಪು ಮಸಿಯಲ್ಲಿ ಸೇರಿಸಿದ್ದಳು. ಯಾಕೆ ಸೇರಿಸಿದೆ ಎಂಬುದು ಅವಳಿಗೇ ಸರಿಯಾಗಿ ತಿಳಿದಿರಲಿಲ್ಲ.

‘ಮೂರು ವಾರವಾಯಿತು. ಪತ್ರಿಕೆಗೆ ಹೇಳಿದ್ದು ಯಾರು ಎಂದು ಈತ ಒಮ್ಮೆಯೂ ಕೇಳಿಲ್ಲ.’

ಭಾಗ್ಯಶ್ರೀ ಕೇಳಿದ್ದಳು, ದಿನಕ್ಕೆರಡು ಸಲ. ಸಾಬಣ್ಣ ಕೇಳಿದ್ದ. ಮಹೇಶಕುಮಾರ ಕೇಳಿದ್ದ. ಗಿರಿಜಾಬಾಯಿಯೂ ಕೇಳಿದ್ದಳು.

ತಾರ್ನಾಕದಲ್ಲಿ ಟಿಫಿನ್ ಸೆಂಟರಿನ ಮೇಲಿನ ಕೋಣೆಯೇ ಅಹಲ್ಯಾಳ ಕಚೇರಿ. ಕೆಳಗಿನಿಂದ ದೋಸೆಯ ವಾಸನೆ, ಮೇಲೆ ಗಿರಿಜಾಬಾಯಿಯ ಕಾರುಬಾರು.

“ಉಂಡಿಯೋ ಇಲ್ಲೋ? ಆ ಗಂಟಿ ಹೊಡಿಯೋ ಭಾಡ್ಯಾ ಒಂದು ಕಪ್ ಚಾ ಆದ್ರೂ ಕುಡಿಸಿದ್ನೋ?”

“ಚಾ ಇರಲಿ ಅತ್ತಿ. ನಿನ್ನ ಭಜನಿ ಟೇಪ್ ರೆಕಾರ್ಡರ್ ಕೊಡು.”

“ಮುಟ್ಟಿದ್ರ ಕೈ ಮುರಿತೀನಿ ಅಂದಿದ್ದೆ. ಯಾಕ ಬೇಕಾಗೇತಿ?”

“ಪರಮೇಶನ ಹೆಸರು ಕೆಡಿಸಿದಾಂವನ ದನಿ ಐತಿ ಇದರಾಗ.”

ಗಿರಿಜಾಬಾಯಿ ಬೇರೆ ಮಾತಾಡದೆ ದೇವರ ಕಪಾಟಿನ ಕೆಳಗಿನಿಂದ ರೆಕಾರ್ಡರ್ ತಂದು, ಸೆರಗಿನಿಂದ ಒರೆಸಿ, ಪ್ಲಗ್ ಹಾಕಿದಳು. ಇಬ್ಬರೂ ಬಗ್ಗಿ ಕುಳಿತರು.

ಮೊದಲು ಬರೀ ಗರಗರ ಸದ್ದು. ಆಮೇಲೆ ಯಾವುದೋ ಪಂದ್ಯದ ಸ್ಕೋರನ್ನು ತೆಲುಗಿನಲ್ಲಿ ಉಸಿರುಬಿಡದೆ ಹೇಳುವ ದನಿ. ನಡುವೆ ನಿಶ್ಶಬ್ದ. ಫೋನಿನ ಗಂಟೆ. ಎಳೆಯ ಆನಂದಕುಮಾರನ “ಹಲೋ, ಸ್ಪೋರ್ಟ್ಸ್.”

ಆಚೆ ಕಡೆ ಬಸ್ಸಿನ ಹಾರ್ನ್. ರಸ್ತೆ ಬದಿಯ ಫೋನ್ ಬೂತ್ ಇರಬೇಕು.

“ಕನ್ನಡದೋರಂತಲ್ರಿ ನೀವು? ಒಂದ್ ಮಾತ್ ಹೇಳ್ತೀನಿ, ಬರ್ಕೋರಿ. ನಾನು ಕೀಪರ್ ಮಹೇಶಕುಮಾರ ಮಾತಾಡಾಕತ್ತೀನಿ. ಇವತ್ತು ನಾಚಾರಂದಾಗ ಪರಮೇಶ ಬೇಕಂತಲೇ ಏಳು ನೋಬಾಲ್ ಹಾಕ್ಯಾನ...”

ಅಹಲ್ಯಾಳ ಬೆರಳು ತಾನಾಗಿ ಗುಂಡಿ ಒತ್ತಿತು. ಟೇಪು ನಿಂತಿತು.

ಗಿರಿಜಾಬಾಯಿ ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದಳು. “ಯವ್ವಾ... ಇದು ನಮ್ಮ ಪರಮೇಶನ ದನಿ ಅಲ್ಲೇನ?”

“ಸುಮ್ನಿರು ಅತ್ತಿ. ಇನ್ನೊಮ್ಮೆ ಕೇಳೋಣು.”

ಹಿಂದಕ್ಕೆ ಸುತ್ತಿ ಕೇಳಿದಳು. ತನಗೇ ತಪ್ಪು ಕೇಳಿಸುತ್ತಿರಬಹುದು, ಕ್ಯಾಸೆಟ್ ಹಳೆಯದು, ಮೋಟಾರು ಸವೆದಿರಬಹುದು. ಮೂರನೆಯ ಸಲ ಕಣ್ಣು ಮುಚ್ಚಿಕೊಂಡು ಕೇಳಿದಳು. ಬೆಳಿಗ್ಗೆಯಷ್ಟೇ ಫೋನಿನಲ್ಲಿ ಕೇಳಿದ್ದ ದನಿ. ಈಗಿನದಕ್ಕಿಂತ ತೆಳು, ಅಷ್ಟೇ. ಅದೇ ಎಳೆತ, ಅದೇ ‘ಬರ್ಕೋರಿ’.

ತನ್ನ ಮೇಲೆ ತಾನೇ ಚಾಡಿ ಹೇಳಿಕೊಂಡವನನ್ನು ಅವಳು ಇಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ. ಇನ್ನೊಬ್ಬನ ಹೆಸರು ಹೇಳಿ, ತನ್ನ ಆಟಕ್ಕೆ ತಾನೇ ಬೆಂಕಿ ಇಟ್ಟುಕೊಂಡು, ಹದಿನೇಳು ವರ್ಷ ತುಟಿ ಹೊಲಿದುಕೊಂಡು ವ್ಯಾನ್ ಓಡಿಸಿದವನು. ಯಾಕೆ?

ಇದನ್ನು ಸೋಮವಾರ ಸಮಿತಿಯ ಮುಂದೆ ಹಾಕಿದರೆ ಆನಂದಕುಮಾರನ ಸುಳ್ಳು ಬಯಲಾಗುತ್ತದೆ. ಪರಮೇಶನ ಕಥೆಯೂ ಅಲ್ಲಿಗೇ ಮುಗಿಯುತ್ತದೆ. ಹಾಕದಿದ್ದರೆ ಕೈಯಲ್ಲಿ ಉಳಿಯುವುದು ಭಜ್ಜಿ ಮತ್ತು ಸೊಟ್ಟ ಬೆರಳು.

“ಮುಂದಿಂದು ಹಾಕು,” ಎಂದಳು ಗಿರಿಜಾಬಾಯಿ, ಪಿಸುದನಿಯಲ್ಲಿ. “ಇನ್ನೂ ಐತಿ ಅದರಾಗ.”

ಟೇಪು ತಿರುಗಿತು. ಓವರು, ರನ್ನು, ತಂಡದ ಹೆಸರು, ಎಲ್ಲವನ್ನೂ ಆ ದನಿ ನಿಧಾನವಾಗಿ, ಬರೆದುಕೊಳ್ಳಲು ಬಿಡುವು ಕೊಡುತ್ತ ಹೇಳಿತು. ಕೊನೆಗೆ ಎಳೆಯ ಆನಂದಕುಮಾರ ಕೇಳಿದ: “ನಿಮ್ಮ ಟೀಮಿನಾಂವನ ಮ್ಯಾಲೇನ ಹೇಳಾಕತ್ತೀರಿ. ನಿಮಗೇನು ಬಂತು ಇದರಿಂದ?”

ಆಚೆ ಮತ್ತೆ ಬಸ್ಸಿನ ಹಾರ್ನ್. ಆ ದನಿ ತಗ್ಗಿತು.

“ನಾಳಿನ ಪೇಪರಿನ್ಯಾಗ ಬರಲಿಕ್ಕೇ ಬೇಕ್ರಿ. ಪರಮೇಶ ಕೆಟ್ಟಾಂವ ಅಂತ ದೊಡ್ಡ ಅಕ್ಷರದಾಗ ಬರಬೇಕು. ಬರಲಿಲ್ಲಂದ್ರ ಆಕಿನ್ನ ಜೀವಸಹಿತ ಬಿಡೂದಿಲ್ಲ ಅವರು.”

ಫೋನ್ ಇಟ್ಟ ಸದ್ದು. ಮತ್ತೆ ಗರಗರ.

ಅಹಲ್ಯಾ ತಲೆ ಎತ್ತಿದಳು. ಬಾಗಿಲಲ್ಲಿ ಭಾಗ್ಯಶ್ರೀ ನಿಂತಿದ್ದಳು. ಒಂದು ಚಪ್ಪಲಿ ಬಿಟ್ಟಿದ್ದಳು, ಇನ್ನೊಂದು ಕಾಲಲ್ಲೇ ಇತ್ತು. ಹೆಸರು ಸಿಕ್ಕಿತೇ ಎಂದು ಕೇಳಲು ಶಾಲೆಯ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಲಿಂಗಂಪಲ್ಲಿಯಿಂದ ಬಂದಿದ್ದಳು. ಅವಳು ಎಷ್ಟು ಹೊತ್ತಿನಿಂದ ಅಲ್ಲಿದ್ದಾಳೋ ಇಬ್ಬರೂ ನೋಡಿರಲಿಲ್ಲ.

“ನಮ್ಮನಿಯವರ ದನಿ,” ಎಂದಳು ಭಾಗ್ಯಶ್ರೀ. ಅದು ಪ್ರಶ್ನೆಯಾಗಿರಲಿಲ್ಲ.

“ಕೂಡು ಬಾ ಭಾಗ್ಯಾ. ನೀರು ಕುಡಿ,” ಎಂದು ಗಿರಿಜಾಬಾಯಿ ಎದ್ದಳು.

“ಯಾವಾಗಿಂದ್ರಿ ಇದು ಅಕ್ಕಾರ?”

“ಅದೇ ಭಾನುವಾರ. ಫೆಬ್ರವರಿ ಹದಿನೇಳು.”

ಭಾಗ್ಯಶ್ರೀ ಬೆರಳು ಮಡಚಿ ತಿಂಗಳುಗಳನ್ನು ಎಣಿಸಿದಳು. ಒಂದು ಕೈ ಮುಗಿದು ಇನ್ನೊಂದು ಕೈಗೆ ಹೋಯಿತು. ಅಲ್ಲಿಗೆ ನಿಲ್ಲಿಸಿದಳು.

“ಅವರು ನನ್ನನ್ನ ನೋಡಲಿಕ್ಕ ಬಂದಿದ್ದು ಆ ವರ್ಷ ದೀಪಾವಳಿ ಆದ ಮ್ಯಾಲೆ. ಅದಕ್ಕೂ ಮೊದಲು ನಾವು ಒಬ್ಬರಿಗೊಬ್ಬರು ಹೆಸರೂ ಕೇಳಿದ್ದಿಲ್ಲ.” ಅವಳ ಕಣ್ಣು ತಿರುಗುತ್ತಿದ್ದ ಟೇಪಿನ ಮೇಲೆಯೇ ಇತ್ತು. “ಹಂಗಾರ, ಆಕಿ ಯಾರ್ರಿ ಅಕ್ಕಾರ?”